ಮಗನ ಬಾಲ್ ಪೈಥಾನ್ ಹೊಟ್ಟೆಯ ಮೇಲೆ ಕೆಂಪು ಪಟ್ಟೆ. ಥರ್ಮೋಸ್ಟ್ಯಾಟ್ ಇದ್ದೂ ಸುಟ್ಟಿದ್ದು ಹೇಗೆ?

ಮಿಷಿಗನ್ ಅಪ್ಪ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಹಾವು ಸಾಕಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಆರು ತಿಂಗಳು ನಡೆದು ನಾನು ಸೋತಾಗಿದೆ. ದಯವಿಟ್ಟು ಅದನ್ನು ಇಲ್ಲಿ ಮತ್ತೆ ತೆಗೆಯಬೇಡಿ.

ನಾವಿರುವುದು ಡೆಟ್ರಾಯ್ಟ್ ಹತ್ತಿರ. ಆಗಸ್ಟ್‌ನಲ್ಲಿ ಹದಿಮೂರು ವರ್ಷದ ಮಗನಿಗೆ ಒಂದು ಬಾಲ್ ಪೈಥಾನ್ ಕೊಡಿಸಿದೆ, ಆಫ್ರಿಕಾದ ವಿಷವಿಲ್ಲದ ಪುಟ್ಟ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿ ಕೂತುಬಿಡುತ್ತದೆ, ಅದಕ್ಕೇ ಗುಂಡ ಅಂತ ಹೆಸರು. 40 ಗ್ಯಾಲನ್ ಗಾಜಿನ ಟ್ಯಾಂಕ್, ಒಂದು ಬದಿಯಲ್ಲಿ ಗಾಜಿನ ಕೆಳಗಡೆ 24 ವಾಟ್ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಳೆ), ಬಿಸಿ ಹದಕ್ಕೆ ಬಂದಾಗ ಅದನ್ನು ಆರಿಸಲು ಥರ್ಮೋಸ್ಟ್ಯಾಟ್. ಮೂರು ತಿಂಗಳು ಏನೂ ತೊಂದರೆ ಇರಲಿಲ್ಲ. ತಿನ್ನುತ್ತಿತ್ತು, ಪೊರೆಯನ್ನೂ ಒಂದೇ ತುಂಡಾಗಿ ಬಿಟ್ಟಿತ್ತು.

ನವೆಂಬರ್‌ನಲ್ಲಿ ಅಮ್ಮ ಹಾಸನದಿಂದ ಬಂದರು. ಹಾವಿರುವ ಮಹಡಿಯಲ್ಲಿ ನಾನು ಮಲಗೋದಿಲ್ಲ ಅಂದರು. ಸರಿ, ಟ್ಯಾಂಕ್ ಬೇಸ್‌ಮೆಂಟ್‌ಗೆ ಇಳಿಯಿತು. ಕೆಳಗೆ ಚಳಿ ಜಾಸ್ತಿ, ಸುಮಾರು 62 ಫ್ಯಾರನ್‌ಹೀಟ್, ಅಂದರೆ 16-17 ಡಿಗ್ರಿ ಸೆಲ್ಸಿಯಸ್. ಪಾಪ, ಬೆಚ್ಚಗಿರಲಿ ಅಂತ ಥರ್ಮೋಸ್ಟ್ಯಾಟ್ ಅನ್ನು 90 ಫ್ಯಾರನ್‌ಹೀಟ್‌ನಿಂದ 95ಕ್ಕೆ ಏರಿಸಿದೆ. ತೆಂಗಿನ ನಾರಿನ ಚೂರನ್ನು ಇನ್ನೂ ಎರಡು ಇಂಚು ಸುರಿದೆ.

ನಿನ್ನೆ ಮಗ ಎತ್ತಿಕೊಂಡಾಗ ಹೊಟ್ಟೆಯ ಕೆಳಗೆ ಅಂಗೈ ಅಗಲದ ಕೆಂಪು. ಅಂಚಿನಲ್ಲಿ ಕಂದು ಬಣ್ಣ, ಎರಡು ಕಡೆ ನೀರುಗುಳ್ಳೆ ಥರ ಇದೆ. ಟ್ಯಾಂಕ್ ಗೋಡೆಗೆ ಅಂಟಿಸಿದ ಗುಂಡು ಥರ್ಮಾಮೀಟರ್ ಮಾತ್ರ 82 ಅಂತ ತೋರಿಸುತ್ತಿದೆ. 82ಕ್ಕೆ ಹಾವು ಸುಡುತ್ತದಾ? ಥರ್ಮೋಸ್ಟ್ಯಾಟ್ ಕೆಟ್ಟಿದೆಯಾ? ಅದು ಸರಿಯಾಗೇ ಉರಿಯುತ್ತಿದೆ, ಕೆಂಪು ಲೈಟ್ ಸದಾ ಆನ್ ಇರುತ್ತದೆ.

ಕೆಂಗೇರಿ ಕೇರೆ

ಮೊದಲು ಮ್ಯಾಟ್ ಪ್ಲಗ್ ಕೀಳಿ, ಆಮೇಲೆ ಮುಂದಿನ ಸಾಲು ಓದಿ.

ಕಿತ್ತಿರಾ? ಈಗ ಹೇಳಿ, ಥರ್ಮೋಸ್ಟ್ಯಾಟ್‌ನ ಪ್ರೋಬ್ ಎಲ್ಲಿದೆ? ವೈರಿನ ತುದಿಯಲ್ಲಿ ಬಿಸಿ ಅಳೆಯುವ ಸಣ್ಣ ಮೊಳೆಯಂಥದ್ದು ಇರುತ್ತದಲ್ಲ, ಅದು. ಗಾಜಿಗೆ ಅಂಟಿದೆಯೋ, ಗಾಳಿಯಲ್ಲಿ ನೇತಾಡುತ್ತಿದೆಯೋ? “ಲೈಟ್ ಸದಾ ಆನ್” ಅಂದಿರಲ್ಲ, ಉತ್ತರ ಅಲ್ಲೇ ಇದೆ ಅನಿಸುತ್ತಿದೆ.

ಮಿಷಿಗನ್ ಅಪ್ಪ

ಕಿತ್ತೆ. ಮೊದಲು ಮ್ಯಾಟ್ ಮೇಲೆ, ಒಳಗಡೆ ಗಾಜಿಗೇ ಟೇಪ್ ಹಾಕಿ ಅಂಟಿಸಿದ್ದೆ. ಕೆಳಗೆ ಸಾಗಿಸುವಾಗ ಟೇಪ್ ಕಿತ್ತುಬಂತು. ಹಾವಿಗೆ ಬೇಕಾದದ್ದು ಗಾಳಿಯ ಬಿಸಿ ಅಲ್ವಾ ಅಂದುಕೊಂಡು ಮಧ್ಯದಲ್ಲಿ ಇಳಿಬಿಟ್ಟೆ. ತಪ್ಪಾಯಿತಾ?

ಕೆಂಗೇರಿ ಕೇರೆ

ಆಯಿತು. ನಿಮ್ಮ ಥರ್ಮೋಸ್ಟ್ಯಾಟ್ ಕೆಟ್ಟಿಲ್ಲ, ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಗಾಳಿ 95 ಆಗುವ ತನಕ ಮ್ಯಾಟ್ ಆರಿಸಬೇಡ ಅಂದಿರಿ, ಅದು ಆರಿಸಲಿಲ್ಲ. ಹೀಟ್ ಮ್ಯಾಟ್ ಗಾಳಿಯನ್ನು ಕಾಯಿಸುವುದೇ ಇಲ್ಲ, ಕಾಯಿಸಿದರೂ ಲೆಕ್ಕಕ್ಕಿಲ್ಲ ಅನ್ನುವಷ್ಟು. ತನ್ನ ಮೇಲಿನ ಗಾಜನ್ನು ಕಾಯಿಸುತ್ತದೆ ಅಷ್ಟೆ. 62 ಫ್ಯಾರನ್‌ಹೀಟ್‌ನ ಕೋಣೆಯಲ್ಲಿ ಆ ಗಾಳಿ ಯಾವತ್ತೂ 95 ಮುಟ್ಟುವುದಿಲ್ಲ. ಹಾಗಾಗಿ ಮ್ಯಾಟ್ ಹಗಲು ರಾತ್ರಿ ಪೂರ್ತಿ ಉರಿದಿದೆ.

ಇನ್ನು ಆ ಎರಡು ಇಂಚು ನಾರು. ಹಾವಿಗೆ ಬೆಚ್ಚಗಿರಲಿ ಅಂತ ಸುರಿದದ್ದು ಮ್ಯಾಟಿಗೆ ಕಂಬಳಿ ಹೊದಿಸಿದಂತೆ ಆಯಿತು. ಬಿಸಿ ಮೇಲೆ ಬರಲು ದಾರಿ ಇಲ್ಲದೆ ಗಾಜಿನಲ್ಲೇ ಕೂತಿತು. ಗುಂಡ ನಾರನ್ನು ಕೊರೆದುಕೊಂಡು ಹೋಗಿ ಅದೇ ಗಾಜಿನ ಮೇಲೆ ಮಲಗಿದ್ದಾನೆ. ಬಾಲ್ ಪೈಥಾನ್‌ಗಳು ಘಾನಾ, ಟೋಗೋ, ಬೆನಿನ್ ಕಡೆಯವು, ಅಲ್ಲಿ ಇಲಿ ಬಿಲದಲ್ಲೂ ಗೆದ್ದಲು ಹುತ್ತದಲ್ಲೂ ಸೇರಿಕೊಳ್ಳುತ್ತವೆ. ಕೊರೆಯದೆ ಇರುವ ಜಾತಿಯೇ ಅಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತು ಅಂತ ನಮ್ಮೂರಲ್ಲಿ ಬೈಗುಳಕ್ಕೆ ಹೇಳುತ್ತಾರೆ, ಆದರೆ ಹಾವಿನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಹುತ್ತದಲ್ಲಿ ಕೆಳಗಿನ ನೆಲ ಸುಡುವುದಿಲ್ಲ, ಅದೊಂದೇ ವ್ಯತ್ಯಾಸ.

ಮನೆಯಲ್ಲಿ ಮುಟ್ಟದೆ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ಇದ್ದರೆ ಒಂದು ಸಲ ಮ್ಯಾಟ್ ಹಾಕಿ, ಹಾವನ್ನು ಹೊರಗಿಟ್ಟು, ಅರ್ಧ ಗಂಟೆ ಬಿಟ್ಟು ನಾರು ಸರಿಸಿ ಗಾಜಿಗೆ ಹಿಡಿದು ನೋಡಿ. ಮೇಲಿನಿಂದ ನೇರವಾಗಿ ಹಿಡಿಯಿರಿ. ಹೊರಗಿನಿಂದ ಟ್ಯಾಂಕ್ ಗೋಡೆಯ ಮೂಲಕ ಹಿಡಿದರೆ ಅದು ಗೋಡೆಯ ಬಿಸಿಯನ್ನೇ ಹೇಳುತ್ತದೆ. ಗಾಜಿನ ಆಚೆಗೆ ಅದಕ್ಕೆ ಕಾಣುವುದಿಲ್ಲ. ಗೋಡೆಗೆ ಅಂಟಿಸುವ ಆ ಗುಂಡು ಮೀಟರನ್ನು ಇವತ್ತೇ ಕಸದಬುಟ್ಟಿಗೆ ಹಾಕಿ.

ಮಿಷಿಗನ್ ಅಪ್ಪ

ದೋಸೆ ಕಾವಲಿ ನೋಡಲು ಹೆಂಡತಿ ತಂದ ಗನ್ ಇತ್ತು. ಹಿಡಿದೆ. 118. ಸೆಲ್ಸಿಯಸ್‌ನಲ್ಲಿ ಸುಮಾರು 48. ನನ್ನ ಅಂಗೈ ಇಟ್ಟು ನೋಡಿದೆ, ಹತ್ತು ಸೆಕೆಂಡ್ ಆಗುವಷ್ಟರಲ್ಲಿ ತೆಗೆದುಬಿಟ್ಟೆ.

ಆದರೆ ಒಂದು ಅರ್ಥವಾಗುತ್ತಿಲ್ಲ. ನಾನು ಕೈ ತೆಗೆದೆ. ಅದು ಯಾಕೆ ಎದ್ದು ಆಚೆ ಹೋಗಲಿಲ್ಲ?

ಡಾಕ್ಟರಮ್ಮ

ನಾನು ಪಶುವೈದ್ಯೆ, ಬ್ರಿಟನ್ನಿನಲ್ಲಿದ್ದೇನೆ, ವಾರಕ್ಕೊಂದಾದರೂ ಇಂಥ ಹೊಟ್ಟೆ ನೋಡುತ್ತೇನೆ. ನಿಮ್ಮ ಪ್ರಶ್ನೆಯನ್ನೇ ಎಲ್ಲರೂ ಕೇಳುತ್ತಾರೆ.

ಕಾಡಿನಲ್ಲಿ ಸುಡುವ ಬಿಸಿ ಸಾಮಾನ್ಯವಾಗಿ ಮೇಲಿನಿಂದ ಬರುತ್ತದೆ, ಬಿಸಿಲಿನಿಂದ. ಬಿಸಿಯಾದರೆ ಬಿಲಕ್ಕೆ ಇಳಿದರೆ ಆಯಿತು, ಕೆಳಗೆ ಹೋದಷ್ಟೂ ತಂಪು. ನಿಮ್ಮ ಟ್ಯಾಂಕಿನಲ್ಲಿ ಅದು ತಿರುಗುಮುರುಗಾಗಿದೆ. ಅದರ ಜೊತೆಗೆ ಆಯ್ಕೆ ಏನಿತ್ತು ನೋಡಿ. ಸುತ್ತ ಹದಿನಾರು ಡಿಗ್ರಿಯ ಚಳಿ, ಇಡೀ ಪೆಟ್ಟಿಗೆಯಲ್ಲಿ ಬೆಚ್ಚಗಿರುವುದು ಅದೊಂದೇ ಜಾಗ. ಮೈಗೆ ಕಾವು ಬೇಕೇ ಬೇಕು, ತಾನೇ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಅಲ್ಲೇ ಮಲಗುತ್ತದೆ. ಸುಡುವಷ್ಟು ಬಿಸಿಯಾದರೂ ಹಾವುಗಳು ಎಷ್ಟೋ ಸಲ ಜಾಗ ಬಿಡುವುದಿಲ್ಲ. ಹಾಗಾಗಿ “ಬಿಸಿಯಾದರೆ ಅದೇ ಸರಿದುಕೊಳ್ಳುತ್ತೆ ಬಿಡಿ” ಅನ್ನುವ ಅಂಗಡಿಯವರ ಮಾತನ್ನು ಕೇಳಲೇಬೇಡಿ.

ಈಗ ಗಾಯದ ವಿಷಯ. ಪೊರೆ ಬಿಡುವ ಮುಂಚೆಯೂ ಬಾಲ್ ಪೈಥಾನ್ ಹೊಟ್ಟೆ ಗುಲಾಬಿ ಆಗುತ್ತದೆ, ಅದು ಉದ್ದಕ್ಕೂ ಒಂದೇ ಸಮ ಇರುತ್ತದೆ, ಕಣ್ಣೂ ಮಂಜಾಗುತ್ತದೆ. ನೀವು ಹೇಳಿದ್ದು ಅದಲ್ಲ. ಒಂದೇ ಕಡೆ, ಅಂಚು ಕಂದು, ನೀರುಗುಳ್ಳೆ. ಸುಟ್ಟ ಗಾಯವೇ. ಸರೀಸೃಪ ನೋಡುವ ವೈದ್ಯರ ಹತ್ತಿರ ನಾಳೆಯೇ ಹೋಗಿ, ಎಲ್ಲ ನಾಯಿ-ಬೆಕ್ಕಿನ ಡಾಕ್ಟರೂ ಹಾವು ಮುಟ್ಟುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಇವತ್ತು ಕಾಣುವ ಗಾಯ ಪೂರ್ತಿ ಗಾಯವಲ್ಲ. ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಗೊತ್ತಾಗಲು ಕೆಲವು ದಿನ ಬೇಕು. ಸೋಂಕು ಮತ್ತು ಮೈಯ ನೀರು ಸೋರಿಹೋಗುವುದು, ಇವೆರಡೇ ದೊಡ್ಡ ಭಯ.

ಅಲ್ಲಿಯ ತನಕ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಳಿ ಕಿಚನ್ ಟವಲ್ ಹಾಸಿ ಅದರಲ್ಲಿಡಿ. ನಾರು, ಮರದ ಪುಡಿ ಬೇಡ, ಗಾಯಕ್ಕೆ ಅಂಟುತ್ತದೆ. ಗಾಳಿ ಆಡಲು ಡಬ್ಬಿಗೆ ತೂತಿರಲಿ. ಡಬ್ಬಿಯನ್ನು ಮನೆಯ ಬೆಚ್ಚಗಿನ ಕೋಣೆಗೆ ತನ್ನಿ, ಅಮ್ಮ ಕೋಪಿಸಿಕೊಂಡರೂ ಪರವಾಗಿಲ್ಲ. ಕುಡಿಯುವ ನೀರು ಇಡಿ. ಗುಳ್ಳೆ ಒಡೆಯಬೇಡಿ. ಐಸ್ ಬೇಡ. ಅರಿಶಿನ, ಬೆಣ್ಣೆ, ಟೂತ್‌ಪೇಸ್ಟ್, ನಿಮ್ಮ ಮನೆಯ ನೋವಿನ ಮಾತ್ರೆ, ಯಾವುದೂ ಬೇಡ. ಅರಿಶಿನವನ್ನು ಬೇಕೆಂದೇ ಹೇಳಿದೆ, ನಮ್ಮವರು ಯಾರೋ ಒಬ್ಬರು ಹಚ್ಚಿಕೊಂಡೇ ಬರುತ್ತಾರೆ, ಆಮೇಲೆ ಹಳದಿಯ ಕೆಳಗೆ ಗಾಯದ ಬಣ್ಣ ನನಗೆ ಕಾಣುವುದಿಲ್ಲ. ಸದ್ಯಕ್ಕೆ ಇಲಿಯನ್ನೂ ಕೊಡಬೇಡಿ.

ವಾಸಿಯಾಗುತ್ತದೆ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದೊಂದು ಪೊರೆ ಬಿಟ್ಟಾಗಲೂ ಸ್ವಲ್ಪ ಸ್ವಲ್ಪ ಚೆನ್ನಾಗುತ್ತದೆ, ಕಲೆ ಉಳಿಯಬಹುದು.

ಸುಮ್ನೆ ನೋಡ್ತಿದ್ದೆ

ಕೇಳಬೇಡಿ ಅಂದರೂ ಕೇಳುತ್ತೇನೆ. ಆಫ್ರಿಕಾದ ಹುತ್ತದಲ್ಲಿ ಇರಬೇಕಾದದ್ದನ್ನು ಮಿಷಿಗನ್ ಹಿಮದಲ್ಲಿ ಗಾಜಿನ ಪೆಟ್ಟಿಗೆಗೆ ಹಾಕಿ, ಕೆಳಗೆ ಒಲೆ ಹಚ್ಚಿ, ಸುಟ್ಟ ಮೇಲೆ ಡಾಕ್ಟರ್ ಹುಡುಕುವುದು. ನಾಗರ ಪಂಚಮಿಗೆ ಹಾಲೆರೆಯುವವರನ್ನು ನಾವೇ ನಗುತ್ತೇವೆ.

ಕೆಂಗೇರಿ ಕೇರೆ

ಹಾಲೆರೆಯುವುದೂ ಹಿಂಸೆಯೇ, ಹಾವಿಗೆ ಹಾಲು ಅರಗುವುದಿಲ್ಲ. ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಸಾಕಲು ತಂದ ದಿನವೇ ಕಾವಿನ ಜವಾಬ್ದಾರಿ ಸೂರ್ಯನಿಂದ ನಮಗೆ ಬಂತು. ಅದನ್ನು ತಿಳಿಯದೆ ತರಬಾರದು. ಆದರೆ ಈಗ ತಂದಾಗಿದೆ, ಹಾವು ಬದುಕಿದೆ, ಅಪ್ಪ ಕೇಳುತ್ತಿದ್ದಾರೆ. ಬೈದರೆ ಕೇಳುವುದನ್ನೂ ಬಿಡುತ್ತಾರೆ.

ಹಳೇ ತಂತಿ

ಹಾವಿನ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಮಗಳು ಕಾರ್ನ್ ಸ್ನೇಕ್ ಸಾಕುತ್ತಾಳೆ ಅಷ್ಟೆ. ಕರೆಂಟಿನ ಬಗ್ಗೆ ಮೂವತ್ತು ವರ್ಷದ ಅನುಭವ ಇದೆ, ಆ ಕಡೆಯಿಂದ ಹೇಳುತ್ತೇನೆ.

ಈ ಸಲ ಪ್ರೋಬ್ ಜಾಗ ತಪ್ಪಿತು. ಮುಂದಿನ ಸಲ ಬೇರೇನೋ ತಪ್ಪುತ್ತದೆ. ಸಾಮಾನ್ಯ ಆನ್-ಆಫ್ ಥರ್ಮೋಸ್ಟ್ಯಾಟ್ ಒಳಗೆ ಒಂದು ರಿಲೇ, ಅಂದರೆ ತಾನಾಗೇ ಬೀಳುವ ಸ್ವಿಚ್ ಇರುತ್ತದೆ, ದಿನಕ್ಕೆ ನೂರಾರು ಸಲ ಟಕ್ ಟಕ್ ಅನ್ನುತ್ತಾ ಇರುತ್ತದೆ. ಹಳತಾದ ಮೇಲೆ ಅದರ ಕಾಂಟ್ಯಾಕ್ಟ್ ಬೆಸೆದುಕೊಂಡು ಆನ್‌ನಲ್ಲೇ ಅಂಟಿಕೊಳ್ಳಬಹುದು. ಪರದೆಯ ಮೇಲೆ ಆಫ್ ಅಂತ ಬರುತ್ತದೆ, ಮ್ಯಾಟ್ ಮಾತ್ರ ಉರಿಯುತ್ತಿರುತ್ತದೆ. ಅದಕ್ಕೆ ನಾನು ಎರಡು ಥರ್ಮೋಸ್ಟ್ಯಾಟ್ ಹಾಕುತ್ತೇನೆ. ಗೋಡೆಯ ಪ್ಲಗ್‌ಗೆ ಕಾವಲುಗಾರ, ಅದನ್ನು 95ಕ್ಕೆ ಇಡಿ. ಅದರೊಳಗೆ ದಿನದ ಕೆಲಸದ್ದು, ಅದು 90ಕ್ಕೆ. ಅದರೊಳಗೆ ಹೀಟರ್. ಪ್ರೋಬ್ ಎರಡಕ್ಕೂ ಬೇರೆ ಬೇರೆ. ಒಂದು ಸತ್ತರೆ ಇನ್ನೊಂದು ಕತ್ತರಿಸುತ್ತದೆ. ಇನ್ನೊಂದು ಥರ್ಮೋಸ್ಟ್ಯಾಟಿನ ಬೆಲೆ ಡಾಕ್ಟರ್ ಬಿಲ್ಲಿನ ಮುಂದೆ ಏನೂ ಅಲ್ಲ.

ಪ್ರೋಬ್ ಅನ್ನು ಹಾವು ತಳ್ಳದ ಹಾಗೆ ಗಟ್ಟಿಯಾಗಿ ಕೂರಿಸಿ. ಟ್ಯಾಂಕ್ ಒಳಗೆ ಟೇಪ್ ಹಾಕಬೇಡಿ, ಹಾವಿನ ಮೈಗೆ ಅಂಟಿದರೆ ಚರ್ಮ ಕಿತ್ತುಬರುತ್ತದೆ. ಹೊರಗೆ, ಮ್ಯಾಟ್ ಮತ್ತು ಗಾಜಿನ ನಡುವೆ ಸಿಕ್ಕಿಸಿದರೆ ಹಾವೂ ಮುಟ್ಟುವುದಿಲ್ಲ, ನೀರೂ ಬೀಳುವುದಿಲ್ಲ. ಒಳಗಿನ ಪ್ರೋಬ್ ಮೇಲೆ ನೀರಿನ ಬಟ್ಟಲು ಚೆಲ್ಲಿದರೆ ಅದು ತಣ್ಣಗಾಗಿ “ಚಳಿ, ಚಳಿ” ಅನ್ನುತ್ತದೆ, ಥರ್ಮೋಸ್ಟ್ಯಾಟ್ ನಂಬಿ ಮ್ಯಾಟನ್ನು ಇನ್ನಷ್ಟು ಕಾಯಿಸುತ್ತದೆ. ಹೊರಗಿಟ್ಟರೆ ಒಳಗಿನ ಗಾಜಿಗೂ ಅಲ್ಲಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಬರುತ್ತದೆ, ಗನ್ ಹಿಡಿದು ಹೊಂದಿಸಿಕೊಳ್ಳಿ. ಟ್ಯಾಂಕಿನ ನಾಲ್ಕು ಮೂಲೆಗೂ ಸಣ್ಣ ರಬ್ಬರ್ ಕಾಲು ಇರಲಿ, ಮ್ಯಾಟಿನ ಕೆಳಗೆ ಗಾಳಿ ಆಡಬೇಕು. ಮ್ಯಾಟನ್ನು ಮಡಚಬೇಡಿ, ಕಿತ್ತು ಮತ್ತೆ ಅಂಟಿಸಬೇಡಿ. ಪ್ಲಗ್‌ಗೆ ಹೋಗುವ ವೈರ್ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರುವ ಹಾಗಿರಲಿ, ನೀರು ಇಳಿದರೂ ನೆಲಕ್ಕೆ ತೊಟ್ಟಿಕ್ಕುತ್ತದೆ. ಬೇಸ್‌ಮೆಂಟಿನಲ್ಲಿ ಹೊಗೆಯ ಅಲಾರಂ ಇದೆ ತಾನೇ?

ಇನ್ನೊಂದು, ಇದು ಊರಿನವರಿಗೆ. ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ಹೀಟ್ ಮ್ಯಾಟ್ ತರಿಸಿಕೊಂಡು ಪ್ಲಗ್ ಬದಲಾಯಿಸಿ ಹಾಕುವವರಿದ್ದಾರೆ. ಅದು 120 ವೋಲ್ಟಿನದು, ನಮ್ಮಲ್ಲಿ 230. ಶಾಖ ಎರಡು ಪಟ್ಟು ಅಂತ ಅಂದುಕೊಳ್ಳಬೇಡಿ, ವೋಲ್ಟೇಜಿನ ವರ್ಗಕ್ಕೆ ಏರುತ್ತದೆ, ಮೂರೂವರೆ ಪಟ್ಟಿಗೂ ಜಾಸ್ತಿ. 24 ವಾಟಿನ ಮ್ಯಾಟ್ 88 ವಾಟ್ ಎಳೆಯುತ್ತದೆ. ಹಾವಷ್ಟೇ ಅಲ್ಲ, ಮಂಚವೂ ಸುಡುತ್ತದೆ.

ಮಿಷಿಗನ್ ಅಪ್ಪ

ಅಲಾರಂ ಇದೆ. ಬ್ಯಾಟರಿ ಇತ್ತಾ ಅಂತ ಈಗ ಹೋಗಿ ನೋಡಿದೆ, ಇರಲಿಲ್ಲ. ಹಾಕಿದೆ.

ಹಾಗಾದರೆ ಮ್ಯಾಟ್ 90ಕ್ಕೆ ಇಟ್ಟರೆ ಬೇಸ್‌ಮೆಂಟಿನ ಗಾಳಿಗೆ ಏನು ಮಾಡಲಿ? ಅದು ತಣ್ಣಗೇ ಇರುತ್ತದಲ್ಲ.

ಕೆಂಗೇರಿ ಕೇರೆ

ಸರಿಯಾದ ಪ್ರಶ್ನೆ. ಗಾಳಿಗೆ ಮೇಲಿನಿಂದ ಬಿಸಿ ಕೊಡಬೇಕು. ಬೆಳಕಿಲ್ಲದ ಸೆರಾಮಿಕ್ ಹೀಟರ್ ಅಥವಾ ಬಲ್ಬಿನಂತೆ ಸಿಕ್ಕಿಸುವ, ಕಾವನ್ನಷ್ಟೇ ಬೀರುವ ಡೀಪ್ ಹೀಟ್ ಪ್ರೊಜೆಕ್ಟರ್. ಕೆಂಪು ಬಲ್ಬ್ ಬೇಡ, ಹಾವಿಗೂ ರಾತ್ರಿ ಕತ್ತಲೆ ಬೇಕು. ಹೋಲ್ಡರ್ ಪಿಂಗಾಣಿಯದೇ ಆಗಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಹೀಟರ್ ಜಾಲರಿಯ ಹೊರಗಡೆ, ಮೇಲೆ ಇರಲಿ. ಒಳಗೇ ಹಾಕಬೇಕಾದರೆ ಸುತ್ತ ಕಬ್ಬಿಣದ ಪಂಜರ ಬೇಕು. ಸೆರಾಮಿಕ್ ಮೈ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಬಾಲ್ ಪೈಥಾನ್ ಹತ್ತಿ ಅದಕ್ಕೇ ಸುತ್ತಿಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ. ಕ್ಲಿಪ್ ಹಾಕಿ ಅಂಚಿಗೆ ಸಿಕ್ಕಿಸುವ ದೀಪ ಜಾರಿ ಬಿದ್ದರೆ ಬೆಂಕಿ, ಸರಪಳಿಯಿಂದ ನೇತುಹಾಕಿ.

ಸೆರಾಮಿಕ್ ಹೀಟರಿಗೆ ಪಲ್ಸ್ ಥರ್ಮೋಸ್ಟ್ಯಾಟ್ ಬೇಕು, ಕರೆಂಟನ್ನು ಚಿಕ್ಕ ಚಿಕ್ಕ ತುಂಡಾಗಿ ಕೊಡುವಂಥದ್ದು. ಪ್ರೊಜೆಕ್ಟರ್ ಅಥವಾ ಬೆಳಕಿನ ಬಲ್ಬ್ ಆದರೆ ಕರೆಂಟನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಮ್ಮಿಂಗ್‌ನದು ತಗೊಳ್ಳಿ. ಬಲ್ಬನ್ನು ಆನ್-ಆಫ್‌ಗೆ ಹಾಕಿದರೆ ಮಿಣಮಿಣ ಅನ್ನುತ್ತದೆ, ಬೇಗ ಸಾಯುತ್ತದೆ.

ಅಂಕಿ ಹೀಗೆ ಇಟ್ಟುಕೊಳ್ಳಿ: ಬಿಸಿ ಬದಿಯಲ್ಲಿ ಅದು ಮಲಗುವ ಮೇಲ್ಮೈ 88ರಿಂದ 91, ಸೆಲ್ಸಿಯಸ್‌ನಲ್ಲಿ 31-33. ತಂಪು ಬದಿ 76ರಿಂದ 80. ರಾತ್ರಿ ಎಲ್ಲೂ 75ಕ್ಕಿಂತ ಕೆಳಗೆ ಬೇಡ. ಎರಡೂ ಬದಿಗೆ ಒಂದೊಂದು ಬಿಲದಂಥ ಗೂಡು ಕೊಡಿ. ಇಲ್ಲವಾದರೆ ಅಡಗುವ ಆಸೆಗೆ ಕಾವನ್ನು ಬಿಟ್ಟುಕೊಡುತ್ತದೆ. ಇಡೀ ದಿನ ನೀರಿನ ಬಟ್ಟಲಲ್ಲೇ ಕೂತಿದ್ದರೆ ಅಥವಾ ತಂಪು ಗೋಡೆಗೆ ಮೂತಿ ಒತ್ತಿ ಓಡಾಡುತ್ತಿದ್ದರೆ ಬಿಸಿ ಜಾಸ್ತಿಯಾಗಿದೆಯಾ ಅಂತ ಮೊದಲು ನೋಡಿ. ಉಸಿರಾಡುವಾಗ ಸದ್ದು, ಬಾಯಲ್ಲಿ ನೊರೆ ಬಂದರೆ ಚಳಿ ಹೊಡೆದು ಶ್ವಾಸಕೋಶಕ್ಕೆ ಇಳಿದಿರಬಹುದು, ಡಾಕ್ಟರ್.

ಹಳೇ ತಂತಿಯವರ ಮಗಳ ಕಾರ್ನ್ ಸ್ನೇಕಿಗೆ ಈ ಅಂಕಿ ಹಾಕಬೇಡಿ, ಅದು ಅಮೆರಿಕದ ಆಗ್ನೇಯದ್ದು, ಇನ್ನೂ ನಾಲ್ಕೈದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಸಾಕು.

ನಿಜ ಹೇಳಬೇಕೆಂದರೆ ಟ್ಯಾಂಕ್ ಮೇಲಿನ ಮಹಡಿಗೆ ಹೋದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಕೋಣೆ 72 ಇದ್ದಾಗ ಹೀಟರ್ ಸ್ವಲ್ಪವೇ ದುಡಿಯಬೇಕು. ಸ್ವಲ್ಪ ದುಡಿಯುವ ಹೀಟರ್ ತಪ್ಪಿದರೂ ಸ್ವಲ್ಪವೇ ತಪ್ಪುತ್ತದೆ.

ಮೂರನೇ ಮಹಡಿ

ಬೆಂಗಳೂರಿನಿಂದ. ನನ್ನದೂ ಬಾಲ್ ಪೈಥಾನ್, ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸಿದ್ದೇನೆ, 2024ರ ನಿಯಮ ಬಂದ ಮೇಲೆ ಇಂಥ ವಿದೇಶಿ ಜಾತಿಗಳಿಗೆ ಅದು ಬೇಕೇ ಬೇಕು. ಇಲ್ಲಿನ ಹೆಬ್ಬಾವು, ಕೇರೆ, ನಾಗರಹಾವು ಸಾಕುವಂತೆಯೇ ಇಲ್ಲ, ಓದುವ ಹುಡುಗರು ತಪ್ಪು ತಿಳಿಯಬೇಡಿ.

ನನ್ನ ಕಷ್ಟ ನಿಮ್ಮದರ ಉಲ್ಟಾ. ಡಿಸೆಂಬರ್-ಜನವರಿ ರಾತ್ರಿ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಬಿಟ್ಟರೆ ಹೀಟರ್ ಹೆಚ್ಚು ಬೇಕಾಗುವುದಿಲ್ಲ. ಏಪ್ರಿಲ್‌ನಲ್ಲಿ ತಾರಸಿಯ ಕೆಳಗಿನ ಕೋಣೆಯೇ 35 ಮುಟ್ಟುತ್ತದೆ. ಥರ್ಮೋಸ್ಟ್ಯಾಟ್ ಹೀಟರನ್ನು ಆರಿಸಬಲ್ಲದು, ಕೋಣೆಯನ್ನು ತಣ್ಣಗೆ ಮಾಡಲು ಅದಕ್ಕೆ ಬರುವುದಿಲ್ಲ. ಆಗ ಪೆಟ್ಟಿಗೆಯನ್ನು ನೆಲದ ಮೇಲೆ, ಉತ್ತರದ ಗೋಡೆ ಪಕ್ಕ ಇಡುತ್ತೇನೆ. ಬಿಸಿಲು ಬೀಳುವ ಕಿಟಕಿ ಹತ್ತಿರ ಗಾಜಿನ ಟ್ಯಾಂಕ್ ಇಡಲೇಬೇಡಿ, ಮಿಷಿಗನ್ನಿನಲ್ಲೂ. ಜನವರಿಯ ಬಿಸಿಲೂ ಗಾಜಿನೊಳಗೆ ಸಿಕ್ಕಿಕೊಂಡರೆ ಸಾಕು.

ಕರೆಂಟ್ ಹೋಗುವುದು ಇಲ್ಲಿ ಮಾಮೂಲು, ನಿಮ್ಮಲ್ಲಿ ಐಸ್ ಬಿರುಗಾಳಿ ಬಂದರೆ ದಿನಗಟ್ಟಲೆ ಹೋಗುತ್ತದಂತೆ. ಬಾಟಲಿಗೆ ಬಿಸಿನೀರು ತುಂಬಿ, ಟವಲ್‌ನಲ್ಲಿ ಸುತ್ತಿ ಪೆಟ್ಟಿಗೆಯ ಪಕ್ಕ ಇಡಿ, ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಜಾಗ ಬಿಡಿ. ಒಂದು ರಾತ್ರಿ ಸ್ವಲ್ಪ ತಣ್ಣಗಾದರೆ ಆರೋಗ್ಯವಾಗಿರುವ ಹಾವು ಸಾಯುವುದಿಲ್ಲ. ಆದರೆ ಆಗ ಊಟ ಹಾಕಬೇಡಿ, ಕಾವಿಲ್ಲದೆ ಅರಗುವುದಿಲ್ಲ, ಕಕ್ಕಿಬಿಡುತ್ತದೆ. ಇದ್ದಿಲು ಗ್ರಿಲ್ ಮನೆಯೊಳಗೆ ಹಚ್ಚಿದರೆ ಹಾವಿಗಿಂತ ಮುಂಚೆ ನಾವು ಹೋಗುತ್ತೇವೆ.

ಮಿಷಿಗನ್ ಅಪ್ಪ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ವೈದ್ಯರು ಎರಡನೇ ದರ್ಜೆಯ ಸುಟ್ಟ ಗಾಯ ಅಂದರು. ಸಿಲ್ವರ್ ಸಲ್ಫಡಯಜೀನ್ ಮುಲಾಮು, ಆ್ಯಂಟಿಬಯೋಟಿಕ್ ಇಂಜೆಕ್ಷನ್. ಮುಲಾಮು ಹಚ್ಚುವುದು ಮಗನ ಕೆಲಸ, ಹಾವು ಹಿಡಿದುಕೊಳ್ಳುವುದು ನನ್ನದು. ಹಿಂದಿನ ನಾನಾಗಿದ್ದರೆ ನಂಬುತ್ತಿರಲಿಲ್ಲ. ಗುಳ್ಳೆ ಒಣಗಿದೆ, ಮೊನ್ನೆ ಒಂದು ಪೊರೆ ಬಿಟ್ಟಿತು, ಆ ಜಾಗದಲ್ಲಿ ಮಾತ್ರ ಹರಿದುಕೊಂಡು ಬಂತು.

ಮ್ಯಾಟ್ ತೆಗೆದೇಬಿಟ್ಟೆ. ಪ್ರೊಜೆಕ್ಟರ್, ಡಿಮ್ಮರ್, ಮೇಲೊಂದು ಕಾವಲುಗಾರ. ಟ್ಯಾಂಕ್ ಮತ್ತೆ ಮೇಲಿನ ಮಹಡಿಗೆ ಬಂದಿದೆ. ಅಮ್ಮ ಮೊದಲ ವಾರ ಆ ಬಾಗಿಲಿಗೆ ಸೀರೆಯ ಸೆರಗು ಅಡ್ಡ ಹಿಡಿದು ದಾಟುತ್ತಿದ್ದರು. ಗಾಯ ತೋರಿಸಿದ ಮೇಲೆ ಏನನ್ನಿಸಿತೋ, ಈಗ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಹೋಗಿ ಮೀಟರ್ ಓದಿ “ಎಂಬತ್ತೊಂಬತ್ತು” ಅಂತ ಅಡುಗೆಮನೆಗೆ ಕೂಗುತ್ತಾರೆ. ಹತ್ತಿರ ಮಾತ್ರ ಹೋಗುವುದಿಲ್ಲ, ಕನ್ನಡಕ ಹಾಕಿಕೊಂಡು ದೂರದಿಂದಲೇ.

ದೋಸೆಗೆ ಬೇರೆ ಗನ್ ತಂದಿದ್ದೇವೆ. ಹೆಂಡತಿಯ ಷರತ್ತು ಅದೊಂದೇ.

ಈಗ ಹೊಸ ತಲೆನೋವು. ಹೀಟರ್ ಮತ್ತು ಮನೆಯ ಫರ್ನೇಸ್ ಎರಡೂ ಸೇರಿ ಗಾಳಿಯ ತೇವಾಂಶ ಶೇಕಡಾ 30ಕ್ಕೆ ಇಳಿದಿದೆ. ಬೇರೆ ಥ್ರೆಡ್ ತೆರೆಯಲಾ?

ಕೆಂಗೇರಿ ಕೇರೆ

ತೆರೆಯಿರಿ. ಅಷ್ಟರೊಳಗೆ ಮೇಲಿನ ಜಾಲರಿಯ ಮುಕ್ಕಾಲು ಭಾಗ ಮುಚ್ಚಿ, ಹೀಟರ್ ಇರುವ ಕಡೆ ಮಾತ್ರ ಬಿಡಿ. ತೇವಾಂಶ ಶೇಕಡಾ 55ರಿಂದ 70 ಬೇಕು. ಗಾಯ ಪೂರ್ತಿ ಮಾಗಿಲ್ಲ, ಹಾಗಾಗಿ ಹಾಸನ್ನು ಒದ್ದೆ ಮಾಡಬೇಡಿ, ಡಾಕ್ಟರಮ್ಮನನ್ನು ಕೇಳಿ.

ಡಾಕ್ಟರಮ್ಮ

ಹೌದು, ಗಾಳಿ ತೇವವಾಗಿರಲಿ, ಹಾಸು ಒಣಗಿರಲಿ. ದೊಡ್ಡ ನೀರಿನ ಬಟ್ಟಲು ಬಿಸಿ ಬದಿಗೆ ಸರಿಸಿ. ಹೊಸ ಥ್ರೆಡ್‌ನಲ್ಲಿ ಹೊಟ್ಟೆಯ ಫೋಟೋ ಹಾಕಿ, ಹಳದಿ ದೀಪದಲ್ಲಿ ಬೇಡ, ಹಗಲು ಬೆಳಕಿನಲ್ಲಿ.